ನಾನು ಬೇಡವೆಂದ ಮರಿ

ನಮ್ಮ ನಾಯಿ ಸತ್ತಾಗ ಅದಕ್ಕಿನ್ನೂ ವಯಸ್ಸಾಗಿರಲಿಲ್ಲ. ತೆಳ್ಳನೆಯ ಸೊಂಟದ ಬೇಟೆನಾಯಿ. ಗೋಕಾಕದ ನಮ್ಮ ಓಣಿಯಲ್ಲಿ ಓಡಲು ಜಾಗ ಸಾಲದೆ ಮಾಳಿಗೆಯ ಮೇಲೆ ಸುತ್ತು ಹೊಡೆಯುತ್ತಿತ್ತು. ಒಂದು ದಿನ ಕುಂಟತೊಡಗಿತು. ಮುಂಗಾಲಿನ ಎಲುಬಿನಲ್ಲಿ ಗಡ್ಡೆ ಎದ್ದಿತ್ತು, ಕ್ಯಾನ್ಸರ್ ಎಂದರು. ಅದು ಹೋದಮೇಲೆ ನನಗೆ ಉಳಿದದ್ದು ಒಂದೇ ಆಸೆ: ಅದರದೇ ರಕ್ತದ ಒಂದು ಮರಿ. ಓದುತ್ತ ಕುಳಿತರೆ ಹೆಗಲ ಮೇಲೆ ಗದ್ದವಿಟ್ಟು ನಿಟ್ಟುಸಿರು ಬಿಡುವಂಥದ್ದು. ಗುಣವೂ ರಕ್ತದಲ್ಲೇ ಬರುತ್ತದೆ ಎಂದು ಬೇರೆಯವರು ಹೇಳಿದ್ದರೆ, ಪುರಾವೆ ಏನು ಎಂದು ಕೇಳುವವಳು ನಾನೇ.

ಅದರ ಜೊತೆಗೇ ಹುಟ್ಟಿದ ತಂಗಿ ಬೆಲ್ಲದ ಬಾಗೇವಾಡಿಯಲ್ಲಿ, ನನ್ನ ಸೋದರಮಾವನ ಮನೆಯಲ್ಲಿತ್ತು. ಮಾಮಾ ಆಗಲೇ ಗಂಡು ಗೊತ್ತು ಮಾಡಿದ್ದ.

"ಘೋಡಗೇರಿ ನಾಯಿ ಇದರ ಸ್ವಂತ ಚಿಗವ್ವನ ಮಗ. ಸಂಬಂಧದಾಗ ಕೂಡಿಸಿದ್ರ ನಿಮ್ಮ ನಾಯೀನ ಹೊಳ್ಳಿ ಹುಟ್ಟಿ ಬಂದಂಗ ಆಕ್ಕೈತಿ."

"ಅದ ತಪ್ಪು ಮಾಮಾ. ಒಂದ ಮನಿತನದಾಗ ಕೂಡಿಸಿದ್ರ ರೋಗ ಎರಡೂ ಕಡೆಯಿಂದ ಬರ್ತೈತಿ."

"ನಿಮ್ಮವ್ವ ನಿಮ್ಮಪ್ಪನೂ ಸಂಬಂಧದಾಗ ಲಗ್ನ ಆದವರ. ನಿನಗೇನಾಗೇತಿ? ಬಾಯಿ ಒಂದ ಜಾಸ್ತಿ ಬಂದೈತಿ."

"ಅದೂ ಎರಡೂ ಕಡೆಯಿಂದನ ಬಂದೈತಿ," ಎಂದಳು ಒಳಗಿನಿಂದ ಮಾಮಿ.

ನಗು ನಿಂತಮೇಲೆ ನಾನು ಹಟ ಹಿಡಿದೆ: ಮೊದಲು ವಂಶವಾಹಿ ಪರೀಕ್ಷೆ, ಆಮೇಲೆ ಮರಿ. ಮೂಡಲಗಿಯಿಂದ ದನದ ಡಾಕ್ಟರು ಬಂದು, ತಂಗಿ ನಾಯಿಯ ಗಲ್ಲದ ಒಳಗೆ ಸಣ್ಣ ಬ್ರಷ್ ತಿರುಗಿಸಿ, ಅದನ್ನು ದೂರದ ಪ್ರಯೋಗಾಲಯಕ್ಕೆ ಕಳಿಸಿದರು.

ಕೆಲವು ವಾರಗಳ ಮೇಲೆ ಮಾಮಾನ ಫೋನು. "ಏ ವಕೀಲವ್ವಾ, ಪಾಸಾತು ನೋಡ ನಮ್ಮ ಹುಡುಗಿ! ಏನೂ ದೋಷ ಇಲ್ಲಂತ!"

ಅವತ್ತು ಆದ ಸಂತೋಷಕ್ಕೆ ನಾನು ವರದಿಯನ್ನು ಓದದೇ ಇದ್ದುಬಿಡಬಹುದಿತ್ತು. ಓದಿದೆ. ಅದರಲ್ಲಿ ಹುಡುಕಿದ್ದು ಪರದೇಶದ ತಳಿಗಳಲ್ಲಿ ಕಂಡ ದೋಷಗಳನ್ನು. ಎಲುಬಿನ ಕ್ಯಾನ್ಸರಿನ ಮಾತೇ ಇರಲಿಲ್ಲ. ಡಾಕ್ಟರಿಗೆ ಫೋನು ಹಚ್ಚಿದೆ.

"ನಮ್ಮ ಕಡೆ ನಾಯಿಗಳದು ಇನ್ನೂ ಅಷ್ಟ ಯಾರೂ ನೋಡಿಲ್ರಿ," ಎಂದರು. "ಹುಡುಕಿದ್ದು ಸಿಕ್ಕಿಲ್ಲ, ಅಷ್ಟ. ಇದರ ತಾಯಿ, ನಿಮ್ಮ ನಾಯಿ, ಆ ಘೋಡಗೇರಿ ಗಂಡಿನ ತಾಯಿ, ಮೂರೂ ಅದರಿಂದನ ಹೋಗ್ಯಾವು. ನನಗ ಕೇಳಿದ್ರ ಅದ ದೊಡ್ಡ ವರದಿ."

ಚರ್ಚಾಸ್ಪರ್ಧೆಯಲ್ಲಿ ಎದುರಿನವರು ತಾವಾಗಿ ನಮಗೆ ಅನುಕೂಲವಾದ ಇಂಥ ಕಾಗದ ಕೊಟ್ಟರೆ ಮಾತಾಡದೆ ಇಟ್ಟುಕೊಳ್ಳಬೇಕೆಂದು ಕಲಿತವಳು ನಾನು. ನಾನು ಹೇಳದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಮರಿ ನನ್ನ ಮಡಿಲಿಗೆ ಬರುತ್ತಿತ್ತು. ಬಾಗೇವಾಡಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ಅದರ ಕಿವಿ ಹೇಗಿರಬಹುದು ಎಂದೇ ಯೋಚಿಸುತ್ತಿದ್ದೆ. ಇಳಿದು, ಅಂಗಳದಲ್ಲಿ ನಿಂತೇ ಎಲ್ಲ ಹೇಳಿಬಿಟ್ಟೆ.

ಮಾಮಾ ಸಿಟ್ಟಿಗೆದ್ದ. "ಪರೀಕ್ಷೆ ಮಾಡಸ್ರಿ ಅನ್ನಾಕಿ ನೀನ, ಸಾಲಂಗಿಲ್ಲ ಅನ್ನಾಕಿ ನೀನ. ನಿನಗ ಮರಿ ಬೇಕೋ ಬ್ಯಾಡೋ, ಅಷ್ಟ ಹೇಳ."

"ಬೇಕು ಮಾಮಾ. ಭಾಳ ಬೇಕು."

"ಮತ್ತ?"

"ಅದೂ ಕುಂಟಾಕತ್ತಿದ್ರ ಏನ್ ಮಾಡ್ಲಿ?"

ಮಾಮಾ ಬಹಳ ಹೊತ್ತು ತಂಗಿ ನಾಯಿಯ ಬೆನ್ನು ಸವರಿದ. "ಹೊರಗಿನ ಗಂಡು ಹುಡುಕಿದ್ರೂ ಅರ್ಧ ಇದರದ ಬರ್ತೈತಿ, ಹೌದಿಲ್ಲೋ?" ಎಂದು ಕೇಳಿ, ಉತ್ತರಕ್ಕೆ ಕಾಯಲಿಲ್ಲ. "ಬಿಡ ಹಂಗಾರ. ಈ ವಂಶ ಇಕಿಗೆ ಮುಗೀಲಿ." ಆ ಚಳಿಗಾಲದಲ್ಲೇ ಮರಿಯಾಗದಂತೆ ಆಪರೇಷನ್ ಆಯಿತು. ನಾನು ವಾದ ಗೆದ್ದಿದ್ದೆ.

ಈಗಲೂ ಬಾಗೇವಾಡಿಗೆ ಹೋಗುತ್ತೇನೆ. ಬಸ್ಸಿಳಿದು ಕಬ್ಬಿನ ನಡುವಿನ ದಾರಿಗೆ ತಿರುಗಿದರೆ, ಅತ್ತ ತುದಿಯಿಂದ ತಂಗಿ ನಾಯಿ ನನ್ನನ್ನು ಕಂಡು ಓಡಿಬರುತ್ತದೆ. ದೂರದಲ್ಲಿರುವಷ್ಟು ಹೊತ್ತು ಅದು ನಮ್ಮದೇ. ಅದೇ ಬಾಗಿದ ಬೆನ್ನು, ಅದೇ ನೆಲ ಮುಟ್ಟದ ಓಟ. ಹತ್ತಿರ ಬಂದಮೇಲೆ ತಂಗಿಯಾಗುತ್ತದೆ. ಅದಕ್ಕೇ ನಾನು ಎದುರಿಗೆ ಹೆಜ್ಜೆ ಹಾಕುವುದಿಲ್ಲ. ತಿರುವಿನಲ್ಲೇ ನಿಂತುಬಿಡುತ್ತೇನೆ, ಓಡುವ ದಾರಿ ಇನ್ನಷ್ಟು ಉಳಿಯಲಿ ಎಂದು.