ಬೇಕಿದ್ದರೆ ‘ಯೆಸ್’ ಎಂದು ಕಳಿಸಿ

‘ಟೊಮಾಸಿ, ನನ್ನ ಮೇಲೆ ನಿನಗೇನು ಕೋಪ? ಗ್ಯಾಸ್ ಕೊಡದಿದ್ದರೆ ಬಿಡು. ನಿನ್ನ ತಾಯಿ ಹೇಗಿದ್ದಾಳೆ ಅಂತ ಕೇಳಿದರೆ ಅರ್ಥವಾಗಲಿಲ್ಲ ಅಂತೀಯಲ್ಲ, ಅದರಲ್ಲಿ ಅರ್ಥವಾಗದ್ದು ಏನಿತ್ತು?’

ಕಳೆದ ಮಂಗಳವಾರ ಬೆಳಿಗ್ಗೆ ಮ್ಯಾಂಚೆಸ್ಟರ್‌ನ ಆಫೀಸಿನಲ್ಲಿ, ಕೋಟು ಕೂಡ ಬಿಚ್ಚದೆ ಕಂಪ್ಯೂಟರ್ ತೆರೆದಾಗ ನನ್ನ ಕಣ್ಣಿಗೆ ಬಿದ್ದ ಮೆಸೇಜ್ ಇದು. ಪಕ್ಕದಲ್ಲಿ ನಮ್ಮ ಸಿಸ್ಟಮ್ ಕೆಂಪಕ್ಷರದಲ್ಲಿ ತೀರ್ಪು ಕೊಟ್ಟಾಗಿತ್ತು: ‘ಇನ್‌ವ್ಯಾಲಿಡ್ ರೆಸ್ಪಾನ್ಸ್’. ಅಂದರೆ, ಇದು ಲೆಕ್ಕಕ್ಕೆ ಬಾರದ ಉತ್ತರ.

(ನಾನು ಟೊಮಾಸಿ ಅಲ್ಲ ಎಂದು ನಿಮಗೆ ಬೇರೆ ಹೇಳಬೇಕಿಲ್ಲ.)

ನಾನು ಕೆಲಸ ಮಾಡುವ ಕಂಪನಿಯ ಕಸುಬು ಏನು ಎಂದು ನಮ್ಮಮ್ಮನಿಗೆ ಇವತ್ತಿಗೂ ತಿಳಿದಿಲ್ಲ. ನಿಮಗೆ ಹೇಳುತ್ತೇನೆ. ‘ನಿಮ್ಮ ಪಾರ್ಸೆಲ್ ಹೊರಟಿದೆ’, ‘ನಾಳೆ ನಿಮ್ಮ ಹಲ್ಲಿನ ಅಪಾಯಿಂಟ್‌ಮೆಂಟ್ ಇದೆ’ ಅಂತೆಲ್ಲ ನಿಮ್ಮ ಫೋನಿಗೆ ಮೆಸೇಜ್ ಬರುತ್ತದಲ್ಲ, ಅದನ್ನು ಅಂಗಡಿಯವರೋ ಡೆಂಟಿಸ್ಟೋ ಕೂತು ಟೈಪ್ ಮಾಡುವುದಿಲ್ಲ. ಅವರ ಪರವಾಗಿ, ಅವರ ಹೆಸರಿನಲ್ಲಿ, ನಮ್ಮಂಥವರ ಕಂಪ್ಯೂಟರ್ ಕಳಿಸುತ್ತದೆ.

ಎರಡು ತಿಂಗಳ ಕೆಳಗೆ ನಮಗೊಬ್ಬ ಹೊಸ ಗಿರಾಕಿ ಸಿಕ್ಕ. ಪೆಸಿಫಿಕ್ ಸಾಗರದ ನಡುವಿನ ಒಂದು ಪುಟಾಣಿ ದ್ವೀಪರಾಷ್ಟ್ರದ ಗ್ಯಾಸ್ ಅಂಗಡಿ. ದೇಶದ ಹೆಸರು ಹೇಳುವಂತಿಲ್ಲ, ಕಾಂಟ್ರ್ಯಾಕ್ಟಿಗೆ ಸಹಿ ಹಾಕಿದ್ದೇವೆ. ಹೇಳಿದರೂ ನೀವು ಭೂಪಟ ಹುಡುಕಬೇಕು, ನನ್ನ ಹಾಗೆ ಚಾಳೀಸು ಬಂದವರಾದರೆ ಕನ್ನಡಕವನ್ನೂ ಹುಡುಕಬೇಕು. ಅಂಗಡಿಯವನ ಹೆಸರನ್ನು ಟೊಮಾಸಿ ಎಂದಿಟ್ಟುಕೊಳ್ಳಿ. ಕೋಪಿಸಿಕೊಂಡ ಹೆಂಗಸು ರೋಸಾ. ಎರಡೂ ನಾನಿಟ್ಟ ಹೆಸರುಗಳು.

ಅಲ್ಲಿಗೆ ಸಿಲಿಂಡರ್ ತರುವ ಹಡಗು ತಿಂಗಳಿಗೊಮ್ಮೆ ಬರುತ್ತದೆ. ಬರುವ ಮೊದಲು ಟೊಮಾಸಿಯ ಹೆಸರಿನಲ್ಲಿ ಎಲ್ಲ ಗಿರಾಕಿಗಳಿಗೂ ನಾವು ಮೆಸೇಜ್ ಕಳಿಸಬೇಕು: ಹಡಗು ಬರುತ್ತಿದೆ, ಸಿಲಿಂಡರ್ ಬೇಕಿದ್ದರೆ ‘ಯೆಸ್’ ಎಂದು ಉತ್ತರಿಸಿ. ಯೆಸ್ ಅಂದವರ ಹೆಸರು ಅವನಿಗೆ ಹೋಗುತ್ತದೆ. ಬೇರೇನು ಬರೆದರೂ ‘ಕ್ಷಮಿಸಿ, ನಿಮ್ಮ ಉತ್ತರ ಅರ್ಥವಾಗಲಿಲ್ಲ’ ಎಂದು ತಾನಾಗಿ ಒಂದು ಮಾರುತ್ತರ ಹೋಗುತ್ತದೆ. ಅದೂ ಟೊಮಾಸಿಯ ಹೆಸರಿನಲ್ಲೇ.

ಇದರಲ್ಲಿ ತಪ್ಪೇನಿದೆ? ನಾನಿರುವ ಸ್ಟಾಕ್‌ಪೋರ್ಟಿನ ಡಾಕ್ಟರ ಕ್ಲಿನಿಕ್ಕಿನವರೂ ಹೀಗೇ ಕಳಿಸುತ್ತಾರೆ. ನಾನು ಒಂದಕ್ಷರ ಒತ್ತಿ ಸುಮ್ಮನಾಗುತ್ತೇನೆ. ನಮ್ಮ ಜ್ವರದ ವಿಷಯ ಬಿಟ್ಟು ರಿಸೆಪ್ಷನಿಸ್ಟ್ ಹುಡುಗಿಯ ತಾಯಿಯ ಯೋಗಕ್ಷೇಮ ಯಾರು ಕೇಳುತ್ತಾರೆ?

ಆ ದ್ವೀಪದಲ್ಲಿ ಎಲ್ಲರೂ ಕೇಳುತ್ತಾರೆ. ಅವತ್ತು ಕೂತು ಹಳೆಯ ಉತ್ತರಗಳನ್ನೆಲ್ಲ ಓದಿದೆ. ಒಬ್ಬರು ‘ಹಡಗಿನ ಸುದ್ದಿ ಕೇಳಿ ಸಂತೋಷ, ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ’ ಎಂದಿದ್ದರು. ಇನ್ನೊಬ್ಬರು ಮೊಮ್ಮಗಳಿಗೆ ಹಲ್ಲು ಬಂದದ್ದನ್ನು ತಿಳಿಸಿದ್ದರು. ‘ಭಾನುವಾರ ಮೀನು ಕಳಿಸ್ತೇನೆ’ ಎಂದಿದ್ದರು ಮತ್ತೊಬ್ಬರು. ಮೊದಲ ಉತ್ತರದಲ್ಲಿ ಬೇಕು ಎಂಬ ಮಾತು ಯಾರ ಬಾಯಲ್ಲೂ ಇಲ್ಲ. ಕ್ಷೇಮಸಮಾಚಾರ ಕೇಳಿದರೆ ಬೇಕು ಎಂದೇ ಅರ್ಥ. ಬರೀ ‘ಯೆಸ್’ ಅನ್ನುವುದು ಅಲ್ಲಿ ಪೊಲೀಸರ ಮುಂದೆ ಮಾತ್ರವಂತೆ. (ಇದನ್ನು ಆಮೇಲೆ ಟೊಮಾಸಿಯೇ ಹೇಳಿದ್ದು.)

ಮಾರುತ್ತರ ನೋಡಿ ಉಳಿದವರು ಕೊನೆಗೆ ‘ಯೆಸ್’ ಒತ್ತಿದ್ದರು, ರೋಸಾ ಒತ್ತಿರಲಿಲ್ಲ. ಹೋದ ತಿಂಗಳು ಅವಳು ಬರೆದದ್ದೂ ಸಿಕ್ಕಿತು: ‘ಒಳ್ಳೆಯದಾಯಿತು ಮಗನೇ. ನಿನ್ನ ತಾಯಿಗೆ ಉಸಿರಾಟ ಈಗ ಸಲೀಸಾಯಿತೆ?’ ಅದರ ಕೆಳಗೆ ನಮ್ಮ ಕಂಪ್ಯೂಟರ್ ಕೊಟ್ಟ ಮಾರುತ್ತರ: ಕ್ಷಮಿಸಿ, ನಿಮ್ಮ ಉತ್ತರ ಅರ್ಥವಾಗಲಿಲ್ಲ.

ಆ ಸಾಲನ್ನು ಓದಿ ನನಗೆ ನಾಚಿಕೆಯಾಯಿತು. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತೇವೆ. ಎರಡೇ ಮಾತು ಬಲ್ಲ ನಮ್ಮ ಯಂತ್ರ ಅಲ್ಲಿ ಹೋಗಿ ಜಗಳ ತಂದಿಟ್ಟಿತ್ತು.

ನಾವೇನು ಕಮ್ಮಿಯೇ? ಯುಗಾದಿಗೆ ಇಲ್ಲಿನ ಕನ್ನಡಿಗರೆಲ್ಲ ಒಂದು ಹಾಲ್ ಬಾಡಿಗೆಗೆ ಹಿಡಿದು ಊಟ ಮಾಡುತ್ತೇವೆ. ‘ಬರುವವರು ದಯವಿಟ್ಟು ಎಷ್ಟು ಜನ ಎಂದು ತಿಳಿಸಿ’ ಎಂದು ಈ ಸಲ ಮೆಸೇಜ್ ಕಳಿಸಿದವಳು ನಾನು. ಬಂದ ಉತ್ತರಗಳೋ! ಬೇವು ಬೆಲ್ಲದ ಚಿತ್ರ, ಕೈಮುಗಿದ ಚಿತ್ರ, ‘ನೋಡೋಣ’, ‘ವಿಲ್ ಟ್ರೈ’. ಎಷ್ಟು ಜನ ಎಂದು ಬರೆದವರನ್ನು ದುರ್ಬೀನು ಹಾಕಿ ಹುಡುಕಬೇಕಿತ್ತು. ಅಂದಾಜಿನ ಮೇಲೆ ಅಡುಗೆ ಮಾಡಿಸಿದೆವು. ಎರಡನೇ ಪಂಕ್ತಿಗೇ ಹೋಳಿಗೆ ಮುಗಿಯಿತು. ವುಲ್ವರ್‌ಹ್ಯಾಂಪ್ಟನ್‌ನಿಂದ ಸಂಸಾರ ಸಮೇತ ಬಂದಿದ್ದ ಧಾರವಾಡದ ಡಾಕ್ಟರೊಬ್ಬರನ್ನು, ‘ಬರ್ತೀವಿ ಅಂತ ಒಂದು ಮಾತು ಹೇಳಬಾರದಿತ್ತಾ ಸರ್?’ ಎಂದು ಕೇಳಿದೆ.

‘ಹೇಳೋದೇನೈತ್ರಿ ಮೇಡಂ? ಹಬ್ಬದ ಶುಭಾಶಯ ಅಂತ ಬರದು ಕಳಿಸಿದ್ನೆಲ್ರಿ. ಬರೋದಿಲ್ಲ ಅನ್ನೋರು ಯಾಕ ಶುಭಾಶಯ ಕಳಿಸ್ತಾರ?’ ಅಂದರು ಅವರು, ಎಲೆಯ ಮುಂದೆ ಕೂರುತ್ತ.

ಅವತ್ತು ನನಗೆ ಮೈಯೆಲ್ಲ ಉರಿದಿತ್ತು. ಮಂಗಳವಾರ ರೋಸಾಳ ಮೆಸೇಜ್ ಓದುವಾಗ ಆ ಡಾಕ್ಟರ ಮಾತು ತರ್ಕಬದ್ಧವಾಗಿಯೇ ಕಂಡಿತು. ಮರುದಿನ ಮಧ್ಯಾಹ್ನ ಪಟ್ಟಿ ಮುಚ್ಚುವುದರೊಳಗೆ ಅವಳ ಹೆಸರಿನ ಮುಂದೆ ಯೆಸ್ ಬೀಳದಿದ್ದರೆ ಇನ್ನೊಂದು ತಿಂಗಳು ಅವಳ ಒಲೆಗೆ ಗ್ಯಾಸ್ ಇಲ್ಲ.

ಮ್ಯಾನೇಜರ್ ಡೇವ್ ಹತ್ತಿರ ಹೋದೆ. ಬೋಲ್ಟನ್ ಕಡೆಯವನು, ಒಳ್ಳೆಯ ಮನುಷ್ಯ. ‘ಅವಳ ಪರವಾಗಿ ನಾವೇ ಯೆಸ್ ಹಾಕಿಬಿಡೋಣವಾ?’ ಎಂದು ಕೇಳಿದೆ.

‘ಗಿರಾಕಿ ಹೇಳದ್ದನ್ನು ಹೇಳಿದರು ಅಂತ ನಾವು ಹೇಗೆ ಬರೆಯೋದು?’ ಅಂದ. ‘ಇವತ್ತು ಗ್ಯಾಸ್. ನಾಳೆ ಬೇರೆ ಯಾರೋ ಬೇರೆ ಯಾವುದಕ್ಕೋ ಹೀಗೇ ಯೆಸ್ ಹಾಕ್ತಾರೆ. ಆಗ?’

ಅವನ ಮಾತು ಸರಿಯೇ ಇತ್ತು. ಸರಿಯಿದ್ದ ಮಾತಿಗೆ ಎದುರಾಡುವುದು ಕಷ್ಟ. ಅದೂ ಅಲ್ಲದೆ ಈ ಊರಲ್ಲಿ ಎದುರು ಕಂಡಾಗೆಲ್ಲ ‘ಆಲ್‌ರೈಟ್?’ ಅನ್ನುತ್ತಾರಲ್ಲ, ಅದಕ್ಕೆ ಉತ್ತರ ಬೇಕಿಲ್ಲ ಎಂದು ನನಗೆ ಹೇಳಿಕೊಟ್ಟವನೇ ಡೇವ್. ಬಂದ ಹೊಸತರಲ್ಲಿ ನಾನು ನಿಂತು ನೆಗಡಿಯ ಪೂರ್ತಿ ವರದಿ ಒಪ್ಪಿಸುತ್ತಿದ್ದೆ. ಇಲ್ಲಿ ಉತ್ತರ ಬೇಡದ ಪ್ರಶ್ನೆ, ಅಲ್ಲಿ ಪ್ರಶ್ನೆಯ ವೇಷದಲ್ಲಿ ಬರುವ ಉತ್ತರ. ಇವೆರಡರ ನಡುವೆ ನಾವು ಸಾಫ್ಟ್‌ವೇರ್ ಬರೆಯುತ್ತೇವೆ.

‘ಕ್ಲೈಂಟ್‌ಗೇ ಫೋನ್ ಮಾಡಿ ಕೇಳು’ ಅಂದ ಡೇವ್. ಮಾಡಿದೆ. ನಮಗೆ ಬೆಳಗು, ಅವರಿಗೆ ರಾತ್ರಿ. ಟೊಮಾಸಿ ಅಂಗಡಿ ಮುಚ್ಚಿ ಮನೆಯಲ್ಲಿದ್ದ.

‘ರೋಸಾ ನನಗೆ ಬರೆದಿದ್ದಾಳಾ? ಈ ತಿಂಗಳಾ?’ ಎಂದು ಕೇಳಿದ.

‘ಹೋದ ತಿಂಗಳೂ ಬರೆದಿದ್ದರು. ಉತ್ತರವೆಲ್ಲ ನಮಗೆ ಬರುತ್ತೆ. ಯೆಸ್ ಅಂದವರ ಹೆಸರನ್ನಷ್ಟೇ ನಾವು ನಿಮಗೆ ಕಳಿಸ್ತೀವಿ.’

ಅವಳ ಎರಡೂ ಮೆಸೇಜುಗಳನ್ನು ಓದಿದೆ. ನಡುವಿನ ನಮ್ಮ ಮಾರುತ್ತರವನ್ನೂ ಓದಿದೆ.

‘ಅರ್ಥವಾಗಲಿಲ್ಲ ಅಂತ ನಾನು ಹೇಳಿದೆನಾ?’

‘ನೀವಲ್ಲ. ನಮ್ಮ ಸಿಸ್ಟಮ್ ಹೇಳಿತು. ನಿಮ್ಮ ಹೆಸರಿನಲ್ಲಿ.’

‘ನಾನು ಸರಕು ತರೋಕೆ ರಾಜಧಾನಿಗೆ ಹೋದಾಗೆಲ್ಲ ನನ್ನ ತಾಯಿಗೆ ಊಟ ಮಾಡಿಸೋಳು ಅವಳು’ ಅಂದ ಟೊಮಾಸಿ. ‘ನೀವು ಕಳಿಸಿದ ಹೆಸರುಗಳಲ್ಲಿ ಅವಳದು ಇರಲಿಲ್ಲ. ನನ್ನ ಗ್ಯಾಸ್ ಬೇಡವಾಯಿತು ಅಂದುಕೊಂಡೆ. ಚರ್ಚಿನಲ್ಲಿ ನನ್ನನ್ನ ನೋಡಿ ಬೇರೆ ಬೆಂಚಿಗೆ ಹೋಗಿ ಕೂತಳು. ಹೋದರೆ ಹೋಗಲಿ ಅಂತ ನಾನೂ ಮಾತಾಡಿಸಲಿಲ್ಲ.’

ಅಲ್ಲಿನ ಶಾಲೆಯ ಮಕ್ಕಳಿಗೆ ಬ್ರೆಡ್ ಮಾಡಿಕೊಡುವವಳು ರೋಸಾ ಎಂದೂ ಅವನೇ ಹೇಳಿದ. ತಿಂಗಳಿಡೀ ತೆಂಗಿನ ಕರಟ ಉರಿಸಿ, ಹೊಗೆ ಕುಡಿದು ಬ್ರೆಡ್ ಬೇಯಿಸಿದ್ದಾಳೆ. ಅವಳ ಹಿತ್ತಲಿನಿಂದ ಹೊಗೆ ಏಳುವುದು ಇವನಿಗೆ ದಿನಾ ಕಾಣುತ್ತಿತ್ತು. ಹಟಕ್ಕೆ ಹೀಗೆ ಮಾಡುತ್ತಿದ್ದಾಳೆ ಎಂದು ಇವನ ಎಣಿಕೆ.

‘ಮೆಸೇಜ್ ಬರೋಕೆ ಮುಂಚೆ ಹೇಗೆ ಕೇಳ್ತಿದ್ರಿ?’ ಅಂದೆ.

‘ಮನೆಮನೆಗೆ ಹೋಗ್ತಿದ್ದೆ. ಎಲ್ಲರ ಮನೆಯಲ್ಲೂ ಕೂರಿಸಿ ತಿನ್ನೋಕೆ ಕೊಡೋರು. ಒಂದು ವಾರ ಹಿಡೀತಿತ್ತು. ಸುಮ್ಮನೆ ಟೈಮ್ ವೇಸ್ಟ್ ಅಂತ ನಿಮ್ಮ ಕಂಪನಿಯವರೇ ಹೇಳಿದ್ದು.’

ಹೇಳಿದ್ದೆವು, ನಿಜ. ದೂರದ ಸಣ್ಣ ಸಣ್ಣ ದ್ವೀಪಗಳ ಗಿರಾಕಿಗಳಿಗೆ ಇದರಿಂದ ಅನುಕೂಲವಾದದ್ದೂ ನಿಜ. ಅವರು ಈಗ ಸುಮ್ಮನೆ ದೋಣಿ ಹತ್ತಿ ಬಂದು ಬರಿಗೈಲಿ ಹೋಗಬೇಕಿಲ್ಲ. ಮೊಬೈಲ್ ಬಂದು ಮನುಷ್ಯತ್ವ ಹೋಯಿತು ಎಂದು ಭಾಷಣ ಬಿಗಿಯುವುದು ಸುಲಭ, ನಾನು ಬಿಗಿಯುವುದಿಲ್ಲ. ಆದರೆ ವೇಸ್ಟ್ ಎಂದು ನಾವು ಕಳೆದ ಆ ಒಂದು ವಾರದಲ್ಲಿ ಏನೇನು ನಡೆಯುತ್ತಿತ್ತು ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಯಾರ ತಾಯಿಗೆ ಉಸಿರಾಟದ ತೊಂದರೆ, ಯಾರ ಮನೆಯಲ್ಲಿ ಹೊಗೆ, ಯಾಕೆ ಹೊಗೆ. ಬಾಗಿಲಲ್ಲಿ ನಿಂತು ಒಂದು ಮಾತು ಆಡಿದ್ದರೆ ಇವರಿಬ್ಬರ ಮುನಿಸು ಹುಟ್ಟುತ್ತಲೇ ಇರಲಿಲ್ಲ. ಭೂಮಿಯ ಇನ್ನೊಂದು ತುದಿಯಲ್ಲಿ ಕೂತು ಆ ಒಂದು ಮಾತನ್ನು ನಾವು ಕಳೆದುಹಾಕಿದ್ದೆವು.

‘ಈಗ ಏನು ಮಾಡ್ತೀರಿ?’ ಎಂದು ಕೇಳಿದೆ. ಕುರ್ಚಿ ಸರಿದ ಸದ್ದು ಕೇಳಿಸಿತು. ಅಮ್ಮನಿಗೆ ಅವರ ಭಾಷೆಯಲ್ಲಿ ಏನೋ ಕೂಗಿ ಹೇಳಿದ. ನನಗೆ ಬೈ ಕೂಡ ಹೇಳದೆ ಫೋನ್ ಇಟ್ಟ.

ಬುಧವಾರ ಅವನದೊಂದು ಇಮೇಲ್ ಬಂದಿತ್ತು. ‘ರೋಸಾಳಿಗೆ ಒಂದು ಸಿಲಿಂಡರ್ ಬರೆದುಕೊಳ್ಳಿ. ಮೊದಲು ಬಾಗಿಲು ತೆಗೆಯಲಿಲ್ಲ. ಅಮ್ಮ ರಸ್ತೆಯಲ್ಲೇ ನಿಂತು ಕರೆದ ಮೇಲೆ ತೆಗೆದಳು. ಮೂವರೂ ಅತ್ತೆವು.’

ಆ ಮಾರುತ್ತರವನ್ನು ಅವತ್ತೇ ತೆಗೆದುಹಾಕಿದೆವು. ಯೆಸ್ ಅಲ್ಲದ ಉತ್ತರಗಳೆಲ್ಲ ಇನ್ನು ಮೇಲೆ, ಮೊಮ್ಮಗಳ ಹಲ್ಲು ಸಮೇತ, ಟೊಮಾಸಿಗೇ ಹೋಗುತ್ತವೆ.

ನಮ್ಮಲ್ಲಿ ಯಾವುದೇ ದೂರು ಮುಗಿದ ಮೇಲೆ ಅದು ಹೇಗೆ ಬಗೆಹರಿಯಿತು ಎಂದು ಒಂದು ಸಾಲು ಬರೆಯಬೇಕು. ಡೇವ್ ಕೀಬೋರ್ಡ್ ಮೇಲೆ ಕೈಯಿಟ್ಟು, ‘ಏನಂತ ಬರೀಲಿ?’ ಎಂದು ಕೇಳಿದ.

‘ಅಂಗಡಿಯವರು ಎದ್ದು ಅವಳ ಮನೆಗೆ ಹೋದರು’ ಅಂದೆ.

ಅಷ್ಟನ್ನೂ ಟೈಪ್ ಮಾಡಿದ. ಒಮ್ಮೆ ಓದಿಕೊಂಡ. ಆಮೇಲೆ ನನ್ನ ಕಡೆ ತಿರುಗಿ, ‘ಹಾಗಾದರೆ ನಾವು ಅವರಿಗೆ ಮಾರಿದ್ದು ಏನನ್ನ?’ ಅಂದ.