ಪೂಜೆಗೆ ಕೂತ ಸಿಡ್ನಿ ಗಡಿಯಾರ

ಸತ್ಯಭಾಮಾಳಿಗೆ ಹೆದರಿಕೆ ಹುಟ್ಟುಗುಣ. ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ಬನಶಂಕರಿ ಬಸ್‌ಸ್ಟಾಂಡಿನಿಂದ ಮನೆಗೆ ವಾಪಸ್ ಓಡಿದ್ದು ಎಷ್ಟೋ ಸಲ. ಅಂಥವಳಿಗೇ ದೇವರು ಇಂಥ ಕೆಲಸ ಕೊಟ್ಟಿದ್ದ: ಬಿಟಿಎಂ ಲೇಔಟಿನ ಪುಟ್ಟ ಆಫೀಸಿನಲ್ಲಿ ಕೂತು, ಆಸ್ಟ್ರೇಲಿಯಾದಲ್ಲಿರುವ ಕನ್ನಡದ ಹಿರಿಯರಿಗೆ ಫೋನ್ ಮಾಡಿ ಮಾತ್ರೆ, ಊಟ ನೆನಪಿಸುವುದು.

ಅಲ್ಲಿಯವರು ಬೇಸಿಗೆಯ ಸಂಜೆಗೆ ಬೆಳಕು ಹೆಚ್ಚು ಸಿಗಲೆಂದು ಅಕ್ಟೋಬರಿನ ಮೊದಲ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ತಳ್ಳುತ್ತಾರೆ. ಅದೂ ಎಲ್ಲರೂ ಅಲ್ಲ. ಸಿಡ್ನಿಯವರು ತಳ್ಳಿದರೆ ಬ್ರಿಸ್ಬೇನಿನವರು ಸುಮ್ಮನಿರುತ್ತಾರೆ. ಸೂರ್ಯನಿಗೇ ಬುದ್ಧಿ ಹೇಳುವ ಈ ಚಾಳಿ ನಮ್ಮಲ್ಲಿಲ್ಲ. ಹಾಗಾಗಿ ಆಫೀಸಿನ ಗೋಡೆಯಲ್ಲಿ ಊರಿಗೊಂದು ಗಡಿಯಾರ. ಹಿಂದಿನ ದಿನವೇ ಸಿಡ್ನಿಯ ಮುಳ್ಳು ತಿರುಗಿಸಿಡುವುದು ಸತ್ಯಭಾಮಾಳ ಜವಾಬ್ದಾರಿ.

ಈ ಸಲ ಆ ಶನಿವಾರವೇ ಆಫೀಸಿನಲ್ಲಿ ಆಯುಧಪೂಜೆ. ಗಡಿಯಾರಗಳನ್ನೂ ಇಳಿಸಿ, ಒರೆಸಿ, ಅರಿಶಿನ ಕುಂಕುಮ ಇಟ್ಟಿದ್ದರು. ಪೂಜೆಗೆ ಕೂತದ್ದನ್ನು ಅಂದೇ ಮುಟ್ಟುವುದುಂಟೆ? ನಾಳೆ ಬಂದ ಕೂಡಲೇ ತಿರುಗಿಸಿದರಾಯಿತು ಎಂದುಕೊಂಡಳು. ಸಿಡ್ನಿ ಮುಂದೆ ಹೋದರೆ ತಾನೂ ಒಂದು ಗಂಟೆ ಮುಂಚೆ ಬರಬೇಕೆಂಬುದು ಹೊಳೆಯಲೇ ಇಲ್ಲ.

ಭಾನುವಾರ ಬೆಳಗ್ಗೆ ಎಂದಿನಂತೆ ಬಂದು ಮುಳ್ಳು ತಿರುಗಿಸಿದಾಗಲೇ ಅದು ಹೊಳೆದದ್ದು. ಸಿಡ್ನಿಯ ಮೀನಾಕ್ಷಮ್ಮನವರ ಊಟದ ಹೊತ್ತು ಆಗಲೇ ಮೀರಿತ್ತು. ಅವರ ಮಗಳು ನರ್ಸ್, ಭಾನುವಾರವೂ ಡ್ಯೂಟಿ. ಮೀನಾಕ್ಷಮ್ಮ ಗಡಿಯಾರ ನೋಡಿ ಇನ್ಸುಲಿನ್ ತಪ್ಪದೆ ಚುಚ್ಚಿಕೊಳ್ಳುತ್ತಾರೆ, ಉಣ್ಣುವುದನ್ನು ಮಾತ್ರ ಮರೆಯುತ್ತಾರೆ. ಚುಚ್ಚಿಕೊಂಡು ಉಣ್ಣದಿದ್ದರೆ ಪ್ರಜ್ಞೆ ತಪ್ಪಿ ಬೀಳುತ್ತಾರೆ.

ಫೋನ್ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಅಡುಗೆಮನೆಯ ನೆಲದ ಮೇಲೆ ಆ ಜೀವ ಬಿದ್ದಿರುವುದು ಕಣ್ಣಿಗೆ ಕಟ್ಟಿತು. ಬನಶಂಕರಿ ಅಮ್ಮನಿಗೆ ನಿಂಬೆಹಣ್ಣಿನ ದೀಪ ಹರಸಿಕೊಂಡು ಮತ್ತೊಮ್ಮೆ ಒತ್ತಿದಳು.

"ಕೈ ತೊಳೀತಿದ್ದೆ ಕಣಮ್ಮ. ಈಗ ತಾನೇ ಚುಚ್ಕೊಂಡೆ."

ಮಗಳ ಮೊಬೈಲು ತಾನಾಗಿಯೇ ಗಂಟೆ ಬದಲಿಸಿಕೊಂಡಿತ್ತು. ಅಡುಗೆಮನೆಯ ಗಡಿಯಾರವನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ; ಅದನ್ನು ನೋಡಿ ಮೀನಾಕ್ಷಮ್ಮನವರೂ ಒಂದು ಗಂಟೆ ತಡವಾಗಿಯೇ ಚುಚ್ಚಿಕೊಂಡಿದ್ದರು. ಸತ್ಯಭಾಮಾ ಅಳುತ್ತಲೇ ನಡೆದದ್ದನ್ನೆಲ್ಲ ಹೇಳಿದಳು. ಅಷ್ಟೇ ತಾನೇ, ಈಗಲೇ ಸರಿಮಾಡುತ್ತೇನೆ ಎಂದರು ಮೀನಾಕ್ಷಮ್ಮ. ಹಿಂದೆಯೇ ಸ್ಟೂಲು ಎಳೆಯುವ ಸದ್ದು ಕೇಳಿತು.

"ಬೇಡಿ ಅಮ್ಮ, ಹತ್ಬೇಡಿ. ಸಂಜೆ ಮಗಳು ಮಾಡ್ಲಿ. ನೀವು ಮೊದ್ಲು ಕೂತು ಊಟ ಮಾಡಿ, ನಾನು ಇಲ್ಲೇ ಇರ್ತೀನಿ."

ಸ್ಟೂಲಿನ ಸದ್ದು ನಿಂತಿತು. ತಟ್ಟೆಯ ಸದ್ದು ಕೇಳುವವರೆಗೂ ಸತ್ಯಭಾಮಾ ಉಸಿರು ಬಿಡಲಿಲ್ಲ, ಕೊನೆಯ ತುತ್ತಿನವರೆಗೂ ಫೋನ್ ಇಡಲಿಲ್ಲ.