ಸಂಪಾದಕಿ ಹೊಡೆದುಹಾಕಿದ ‘ಹೂಂ’

ಗೆಳೆಯರೇ, ಅಜ್ಜಿಯಿಂದ ಕೇಳಿ ನಾನು ಬರೆದಿಟ್ಟ ಕಥೆಗಳ ಹಸ್ತಪ್ರತಿ ತಿದ್ದಲು ಗೊತ್ತುಮಾಡಿದ್ದ ಸಂಪಾದಕಿಯ ಧಾರವಾಡದ ಮನೆಗೆ ಇವತ್ತು ಹೋಗಿದ್ದೆ. ನಮ್ಮೂರು ಶಿರಗುಪ್ಪಿಯಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ಕೇಳುವವರು ‘ಹೂಂ’ ಅನ್ನಲೇಬೇಕಿತ್ತು. ಇಲ್ಲದಿದ್ದರೆ ಅಜ್ಜಿ ಕಥೆ ನಿಲ್ಲಿಸಿಬಿಡುತ್ತಿದ್ದಳು. ಆ ಹೂಂಗಳನ್ನೂ ನಾನು ಬರೆದಿದ್ದೆ. ಸಂಪಾದಕಿ ಎಲ್ಲವನ್ನೂ ಪೆನ್ಸಿಲ್‌ನಿಂದ ಹೊಡೆದುಹಾಕಿದ್ದರು.

“ಓದೋರಿಗೆ ಇವು ಯಾಕ ಬೇಕ್ರಿ ಕಾಕಾ? ಕಥಿಗೆ ಅಡ್ಡ ಬರ್ತಾವ.”

“ಇವು ಇಲ್ಲಂದ್ರ ಕಥೀನ ಮುಂದ ಹೋಗೂದಿಲ್ರೀ ಅಕ್ಕಾರ. ಪುಸ್ತಕದಾಗ ಇರದ ಒಂದು ಕಥಿ ಹೇಳ್ತೇನಿ, ಕೇಳ್ರಿ.”

ಕಥೆಯಲ್ಲಿನ ಸೊಸೆ ಬಾವಿಗೆ ಇಳಿಯುವಲ್ಲಿಗೆ ಬಂದು ಬೇಕೆಂದೇ ಸುಮ್ಮನಾದೆ.

“ಹೂಂ, ಹೂಂ, ಮುಂದ?” ಅಂದವರೇ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ರಬ್ಬರ್ ಹುಡುಕಿದರು.

ಹೂಂಗಳೆಲ್ಲ ಉಳಿದವು. ಸೊಸೆಯನ್ನು ನಾನು ಬಾವಿಯಲ್ಲೇ ಬಿಟ್ಟು ಬಂದೆ. ಸಂಜೆಯಿಂದ ಸಂಪಾದಕಿಯ ಫೋನು ಎರಡು ಸಲ ಬಂದಿದೆ.